ಹುಟ್ಟದ ಕೂಸಿನ ಒಪ್ಪಿಗೆ

ಕಳೆದ ಶ್ರಾವಣ ಮಾಸದಲ್ಲಿ ಘಟಪ್ರಭೆಯ ಸದ್ಭಕ್ತರ ಅಪೇಕ್ಷೆಯಂತೆ ನಾವು ಅಲ್ಲಿ ಕೆಲವು ದಿನ ಪ್ರವಚನಕ್ಕೆ ನಿಂತಿದ್ದೆವು. ಒಂದು ಸಂಜೆ ಪ್ರವಚನ ಮುಗಿದು ಜನರು ಪ್ರಸಾದಕ್ಕೆ ಏಳುತ್ತಿದ್ದ ಸಮಯ. ಹೈಸ್ಕೂಲಿನಲ್ಲಿ ಓದುವ ಬಾಲಕನೊಬ್ಬನು ತನ್ನ ಅಜ್ಜಿಯೊಡನೆ ಬಂದು ನಮಸ್ಕರಿಸಿ, “ಅಜ್ಜಾರ, ನಮ್ಮ ಭೂಮಿಯಂಥಾದ್ದ ಇನ್ನೊಂದ ಭೂಮಿ ಸಿಕ್ಕೈತಂತ ಸಾಲ್ಯಾಗ ಹೇಳ್ಯಾರ. ಅಲ್ಲಿಗೆ ಮನುಷ್ಯಾ ಹೋಗಾಕ ಆಗತೈತೇನ್ರಿ?” ಎಂದು ಕೇಳಿದನು. ದಾರಿ ಬಹು ದೂರದ್ದು, ಒಬ್ಬನ ಆಯುಷ್ಯದಲ್ಲಿ ಮುಗಿಯುವಂಥದಲ್ಲ, ಹೊರಟವರ ಮಕ್ಕಳು ಮೊಮ್ಮಕ್ಕಳು ದಾರಿಯಲ್ಲಿಯೇ ಹುಟ್ಟಿ ದಾರಿಯಲ್ಲಿಯೇ ಮುಪ್ಪಾಗಬೇಕಾದೀತು ಎಂದು ನಾವು ತಿಳಿದಷ್ಟು ಹೇಳಿದೆವು. ಆಗ ಅಜ್ಜಿ ಕೇಳಿದರು: “ಹಂಗಾರ ದಾರ್ಯಾಗ ಹುಟ್ಟೂ ಕೂಸಿನ್ನ ಯಾರ ಕೇಳ್ಯಾರ್ರಿ, ಅಜ್ಜಾರ?”

ಆ ತಾಯಿಯ ತವರು ಹಿಡಕಲ್ ಜಲಾಶಯದ ನೀರಿನಲ್ಲಿ ಮುಳುಗಿದ ಊರುಗಳಲ್ಲಿ ಒಂದು. ತಾವು ಚಿಕ್ಕವರಿದ್ದಾಗ ಊರು ಬಿಟ್ಟ ದಿನವನ್ನು ನೆನೆದು, “ಹಿರ್ಯಾರು ಗಾಡಿ ಹೇರಿದ್ರು, ನಾವು ಹತ್ತಿ ಕುಂತ್ವಿ. ಸಣ್ಣ ಹುಡುಗ್ರನ್ನ ಯಾರ ಕೇಳತಾರ್ರಿ?” ಎಂದರು. ಅವರ ಧ್ವನಿಯಲ್ಲಿ ದೂರು ಇರಲಿಲ್ಲ. ಆದರೆ ಆ ಪ್ರಶ್ನೆ ಅಂದಿನಿಂದ ನಮ್ಮನ್ನು ಬಿಟ್ಟಿಲ್ಲ. ಮೊಮ್ಮಗನ ಪ್ರಶ್ನೆ ವಿಜ್ಞಾನದ್ದು, ಅಜ್ಜಿಯ ಪ್ರಶ್ನೆ ಧರ್ಮದ್ದು. ಎರಡನ್ನೂ ಕೂಡಿಯೇ ವಿಚಾರಿಸಬೇಕೆಂದು ಈ ಲೇಖನ.

ಮೊದಲು ಬಾಲಕನ ಪ್ರಶ್ನೆ. ಸೂರ್ಯನಂತಹ ಅನ್ಯ ನಕ್ಷತ್ರವನ್ನು ಸುತ್ತುವ ಗ್ರಹವೊಂದು ಮೊದಲಿಗೆ ಗೋಚರಕ್ಕೆ ಬಂದದ್ದು 1995ರಲ್ಲಿ. ಅದನ್ನು ಕಂಡುಹಿಡಿದ ಸ್ವಿಜರ್ಲೆಂಡಿನ ಇಬ್ಬರು ವಿಜ್ಞಾನಿಗಳಿಗೆ 2019ರಲ್ಲಿ ನೊಬೆಲ್ ಪಾರಿತೋಷಕವೂ ಸಂದಿತು. 2025ರ ವೇಳೆಗೆ ಹೀಗೆ ಪತ್ತೆಯಾದ ಗ್ರಹಗಳ ಸಂಖ್ಯೆ ಆರು ಸಾವಿರವನ್ನು ಮೀರಿತು. ಅವುಗಳಲ್ಲಿ ನಮಗೆ ಅತಿ ಸಮೀಪದ ನಕ್ಷತ್ರದ್ದು 2016ರಲ್ಲಿ ಗೊತ್ತಾದ ಪ್ರಾಕ್ಸಿಮಾ ಸೆಂಟಾರಿಯ ಗ್ರಹ. ಅದು ಭೂಮಿಗಿಂತ ತುಸುವೇ ಭಾರವಾದದ್ದಾಗಿರಬಹುದು. ನೀರು ನೀರಾಗಿಯೇ ನಿಲ್ಲಬಹುದಾದಷ್ಟು ಶಾಖ ಅದಕ್ಕೆ ತನ್ನ ನಕ್ಷತ್ರದಿಂದ ದೊರೆಯುತ್ತದೆ. ‘ಭೂಮಿಯಂತಹದು’ ಎಂಬ ಮಾತಿಗೆ ಇಲ್ಲಿ ಇಷ್ಟೇ ಅರ್ಥ. ಅಲ್ಲಿ ಗಾಳಿ ಇದೆಯೆಂದಾಗಲಿ, ನೀರು ಇದೆಯೆಂದಾಗಲಿ ಯಾರೂ ಕಂಡು ಹೇಳಿಲ್ಲ. ಮೇಲಾಗಿ ಆ ನಕ್ಷತ್ರವು ಆಗಾಗ ಉಗ್ರವಾದ ಜ್ವಾಲೆಗಳನ್ನು ಉಗುಳುವ ಕೆಂಪು ಕುಬ್ಜ.

ಅದರ ದೂರ 4.24 ಜ್ಯೋತಿರ್ವರ್ಷ. ಒಂದು ಜ್ಯೋತಿರ್ವರ್ಷವೆಂದರೆ ಸುಮಾರು 9.46 ಲಕ್ಷ ಕೋಟಿ ಕಿಲೋಮೀಟರು. ಇದನ್ನು ಅಂಕಿಯಿಂದ ತಿಳಿಯುವುದು ಕಷ್ಟ. ನಮ್ಮ ಹಿಡಕಲ್ ಆಣೆಕಟ್ಟು ಪೂರ್ಣಗೊಂಡ 1977ನೆಯ ಇಸವಿಯಲ್ಲಿಯೇ ಅಮೇರಿಕೆಯು ವಾಯೇಜರ್ ಎಂಬ ಎರಡು ನೌಕೆಗಳನ್ನು ಹಾರಿಸಿತು. ಅವುಗಳಲ್ಲಿರುವ ಚಿನ್ನದ ಲೇಪದ ಧ್ವನಿಮುದ್ರಿಕೆಯಲ್ಲಿ 55 ಭಾಷೆಗಳ ಶುಭಾಶಯಗಳಿವೆ; ಅವುಗಳಲ್ಲಿ ನಮ್ಮ ಕನ್ನಡವೂ ಒಂದು. ಮೊದಲನೆಯ ವಾಯೇಜರ್ 2012ರಲ್ಲಿ ಸೂರ್ಯನ ಪ್ರಭಾವಲಯವನ್ನು ದಾಟಿತು. ಕನ್ನಡದ ಧ್ವನಿಯೊಂದು ನಕ್ಷತ್ರಗಳ ನಡುವಿನ ಬಯಲಿನಲ್ಲಿ ಹೀಗೆ ಸಂಚರಿಸುತ್ತಿದೆ ಎಂಬುದು ನಮಗೆ ಹೆಮ್ಮೆಯ ಮಾತೇ ಸರಿ. ಅದರ ವೇಗ ಸೆಕೆಂಡಿಗೆ ಸುಮಾರು 17 ಕಿಲೋಮೀಟರು. ಆ ವೇಗದಲ್ಲಿ ಘಟಪ್ರಭೆಯಿಂದ ಬೆಂಗಳೂರಿಗೆ ಅರ್ಧ ನಿಮಿಷದ ದಾರಿ. ಆದರೂ ಪ್ರಾಕ್ಸಿಮಾದಷ್ಟು ದೂರ ಕ್ರಮಿಸಲು ಅದಕ್ಕೆ 75,000 ವರ್ಷ ಹಿಡಿಯುತ್ತದೆ. 2024ರ ಡಿಸೆಂಬರಿನಲ್ಲಿ ಸೂರ್ಯನ ಸಮೀಪ ಹಾದುಹೋದ ಪಾರ್ಕರ್ ನೌಕೆಯು ಮುಟ್ಟಿದ ವೇಗವೇ ಮನುಷ್ಯನು ಮಾಡಿದ ಯಾವುದೇ ವಸ್ತುವಿನ ಅತಿಶಯದ ವೇಗ. ಅದೇ ವೇಗವನ್ನು ಉದ್ದಕ್ಕೂ ಕಾಯ್ದುಕೊಂಡರೂ 6,600 ವರ್ಷಗಳು ಬೇಕು.

ಇನ್ನೂ ವೇಗವಾಗಿ ಹೋಗಬಾರದೇಕೆ ಎಂದರೆ ಶಕ್ತಿಯ ಲೆಕ್ಕ ಅಡ್ಡ ಬರುತ್ತದೆ. ಒಂದು ಕಿಲೋ ತೂಕವನ್ನು ಬೆಳಕಿನ ವೇಗದ ಹತ್ತನೆಯ ಒಂದು ಪಾಲಿಗೆ ಏರಿಸಲು ಸುಮಾರು 12.5 ಕೋಟಿ ಯೂನಿಟ್ ವಿದ್ಯುತ್ತಿನಷ್ಟು ಶಕ್ತಿ ಬೇಕು. ಸಾವಿರ ಟನ್ನಿನ ನೌಕೆಗಾದರೆ ಇಂದು ಇಡೀ ಭಾರತವು ಅರವತ್ತು ವರ್ಷಗಳಲ್ಲಿ ಉತ್ಪಾದಿಸುವ ವಿದ್ಯುತ್ತೂ ಸಾಲದು. ಅಲ್ಲಿ ಹೋಗಿ ನಿಲ್ಲಬೇಕಾದರೆ ಆ ವೇಗವನ್ನೆಲ್ಲ ಮತ್ತೆ ಇಳಿಸಬೇಕು. ಅದರ ಖರ್ಚು ಬೇರೆ.

ದೂರಕ್ಕಿಂತಲೂ ಸೂಕ್ಷ್ಮವಾದ ಕಷ್ಟ ದೇಹದ್ದು. ತೂಕವಿಲ್ಲದ ಸ್ಥಿತಿಯಲ್ಲಿ ಭಾರ ಹೊರುವ ಎಲುಬುಗಳು ತಿಂಗಳಿಗೆ ನೂರಕ್ಕೆ ಒಂದರಷ್ಟು ಸವೆಯುತ್ತವೆ. ಭೂಮಿಯ ಕಾಂತವಲಯದ ಹೊರಗೆ ಒಂದು ದಿನದಲ್ಲಿ ತಗಲುವ ವಿಕಿರಣ ನಮಗೆ ಇಲ್ಲಿ ಹಲವು ತಿಂಗಳಲ್ಲಿ ತಗಲುವಷ್ಟು. ಒಂದೇ ನೆಗೆತದಲ್ಲಿ ಅತಿ ದೀರ್ಘಕಾಲ ಅಂತರಿಕ್ಷದಲ್ಲಿದ್ದವರು ರಶಿಯದ ವಲೇರಿ ಪೊಲ್ಯಾಕೋವ್. 1994-95ರಲ್ಲಿ 437 ದಿನ. ಆ ದಿನಗಳ ಮುಂದೆ ಶತಮಾನಗಳನ್ನು ಇಟ್ಟು ನೋಡಬೇಕು.

ಇನ್ನು ಅನ್ನ ಮತ್ತು ಗಾಳಿ. 2025ರ ಜೂನ್ ತಿಂಗಳಲ್ಲಿ ಶುಭಾಂಶು ಶುಕ್ಲಾ ಅವರು ಅಂತರರಾಷ್ಟ್ರೀಯ ಅಂತರಿಕ್ಷ ನಿಲ್ದಾಣಕ್ಕೆ ಹೋದಾಗ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿಯ ವಿದ್ವಾಂಸರು ಸಿದ್ಧಪಡಿಸಿದ ಹೆಸರು, ಮೆಂತ್ಯದ ಕಾಳುಗಳೂ ಅವರ ಜೊತೆ ಹೋದವು. ಅಲ್ಲಿ ನೀರುಂಡು ಮೊಳಕೆಯೊಡೆದವು. ನಮ್ಮ ಹೊಲದ ಕಾಳು ಆಕಾಶದಲ್ಲಿ ಕಣ್ಣು ತೆರೆದದ್ದು ಸಂತೋಷದ ಸಂಗತಿ. ಆದರೆ ಮೊಳಕೆ ಬೇರೆ, ಬೆಳೆ ಬೇರೆ. ಅಮೇರಿಕೆಯ ಅರಿಜೋನಾದಲ್ಲಿ 1991ರ ಸೆಪ್ಟೆಂಬರಿನಲ್ಲಿ ಎಂಟು ಜನರು ಮೂರು ಎಕರೆಯಷ್ಟು ವಿಸ್ತಾರದ, ಗಾಜಿನಿಂದ ಮುಚ್ಚಿದ ಕಟ್ಟಡದೊಳಗೆ ಎರಡು ವರ್ಷ ತಾವೇ ಬೆಳೆದು ಉಣ್ಣುವ ಸಂಕಲ್ಪದಿಂದ ಹೊಕ್ಕರು. ಅದರ ಹೆಸರು ಬಯೋಸ್ಫಿಯರ್-2. ಹದಿನಾರು ತಿಂಗಳಲ್ಲಿ ಒಳಗಿನ ಆಮ್ಲಜನಕ ನೂರಕ್ಕೆ 20.9ರಿಂದ 14.5ಕ್ಕೆ ಇಳಿದು, ಹೊರಗಿನಿಂದ ಆಮ್ಲಜನಕ ತುಂಬಬೇಕಾಯಿತು. ಸಾವಯವ ಗೊಬ್ಬರ ಹೆಚ್ಚಾಗಿದ್ದ ಮಣ್ಣಿನ ಸೂಕ್ಷ್ಮಜೀವಿಗಳು ಆಮ್ಲಜನಕವನ್ನು ಉಂಡವು. ಅವು ಬಿಟ್ಟ ಇಂಗಾಲಾಮ್ಲವನ್ನು ಸಿಮೆಂಟಿನ ಗೋಡೆಗಳು ಹೀರಿದವು. ಎಂಟು ಜನರೂ ಎರಡು ಗುಂಪಾದರು. ಅಲ್ಲಿ ಬಾಗಿಲಿನ ಹೊರಗೆ ಭೂಮಿ ಇತ್ತು, ಆದುದರಿಂದ ಬದುಕಿದರು. ನಕ್ಷತ್ರಗಳ ನಡುವೆ ಬಾಗಿಲಿನ ಹೊರಗೆ ಏನೂ ಇಲ್ಲ.

ಈ ಕಷ್ಟಗಳೆಲ್ಲ ಮುಂದೊಮ್ಮೆ ನೀಗಬಹುದು. ಮನುಷ್ಯನ ಬುದ್ಧಿಗೆ ಇಂಥದು ಅಸಾಧ್ಯವೆಂದು ಸಾರುವ ಅಧಿಕಾರ ನಮಗಿಲ್ಲ. ಎಲ್ಲವೂ ನೀಗಿದ ಮೇಲೆಯೂ ಆ ತಾಯಿಯ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಬೆಳಕಿನ ವೇಗದ ನೂರನೆಯ ಒಂದು ಪಾಲು ಸಾಧ್ಯವಾಯಿತೆಂದೇ ಇಟ್ಟುಕೊಳ್ಳೋಣ. ಆಗ ಪ್ರಯಾಣ 424 ವರ್ಷದ್ದು, ಹದಿನಾರು ಹದಿನೇಳು ತಲೆಮಾರಿನದು. ನೌಕೆ ಏರಿದವರು ಒಪ್ಪಿ ಏರಿದರು. ಕಟ್ಟಕಡೆಯವರು ಹೊಸ ನೆಲದಲ್ಲಿ ಕಾಲಿಟ್ಟಾರು. ನಡುವೆ ಹುಟ್ಟಿ ಸತ್ತವರಿಗೆ ಹಳೆಯ ಭೂಮಿಯೂ ಇಲ್ಲ, ಹೊಸ ಭೂಮಿಯೂ ಇಲ್ಲ. ಎಷ್ಟು ಮಕ್ಕಳು ಹುಟ್ಟಬೇಕು, ಯಾರು ಯಾರನ್ನು ವರಿಸಬೇಕು ಎಂಬುದನ್ನು ಗಾಳಿ-ನೀರಿನ ಲೆಕ್ಕವೇ ಗೊತ್ತುಮಾಡುತ್ತದೆ. ನೀರು ಶುದ್ಧಿಮಾಡುವವನು ಮುಪ್ಪಾದರೆ ಯಾವನೋ ಒಬ್ಬ ಬಾಲಕ ಆ ಕೆಲಸ ಕಲಿಯಲೇಬೇಕು. ಒಲ್ಲೆನೆಂದರೆ ಎಲ್ಲರೂ ಸಾಯುತ್ತಾರೆ. ಹುಟ್ಟಿನಿಂದಲೇ ವೃತ್ತಿ ಗೊತ್ತಾಗುವ ಆ ಬಂಧನವನ್ನು ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರು ಅಲ್ಲಗಳೆದರು. ಕಾಯಕವು ಒಪ್ಪಿ ಮಾಡಿದಾಗ ಕಾಯಕ, ಹೇರಿದಾಗ ಜೀತ. ಅಂದು ಬಿಡಿಸಿಕೊಂಡ ಗಂಟನ್ನು ನಕ್ಷತ್ರಗಳ ಹೆಸರಿನಲ್ಲಿ ಮತ್ತೆ ಕಟ್ಟುವುದು ಸರಿಯೆ? ನೌಕೆಯೇನೋ ಅತಿ ವೇಗದಿಂದ ಚಲಿಸುತ್ತದೆ. ಒಳಗಿರುವವನು ಮಾತ್ರ ಸ್ಥಾವರನಾಗುತ್ತಾನೆ.

ಇದಕ್ಕೆ ವಿಚಾರವಂತರು ಒಂದು ಆಕ್ಷೇಪವೆತ್ತಬಹುದು: ಯಾವ ಮಗು ತಾನೆ ತನ್ನ ತಾಯಿತಂದೆಯರನ್ನು, ಊರನ್ನು ಆರಿಸಿಕೊಂಡು ಹುಟ್ಟಿದೆ? ಎಲ್ಲ ಮಕ್ಕಳೂ ಕೇಳದೆಯೇ ಬಂದವರಲ್ಲವೆ? ಆಕ್ಷೇಪ ಗಟ್ಟಿಯಾದದ್ದು; ನಾವೂ ಇದನ್ನು ಬಹಳ ಯೋಚಿಸಿದೆವು. ಉತ್ತರ ಆ ತಾಯಿಯ ಬಾಳಿನಲ್ಲಿಯೇ ಇದೆಯೆಂದು ತೋರುತ್ತದೆ. ಅವರನ್ನೂ ಯಾರೂ ಕೇಳಲಿಲ್ಲ. ಆದರೆ ಅವರು ಹೊಸ ಊರಿನಲ್ಲಿ ಬೆಳೆದರು, ಬೇರೊಂದು ಊರಿಗೆ ಸೊಸೆಯಾಗಿ ಹೋದರು. ಬೇಸಿಗೆಯಲ್ಲಿ ಹಿನ್ನೀರು ಇಳಿದು ಹುನ್ನೂರಿನ ವಿಠ್ಠಲ ಮಂದಿರ ಮೇಲೆ ತೋರಿದಾಗ ಹೋಗಿ ಕಣ್ತುಂಬ ನೋಡಿ ಬರುತ್ತಾರೆ. ಹಿರಿಯರ ನಿರ್ಣಯ ಅವರಿಗೆ ನೋವು ಕೊಟ್ಟಿರಬಹುದು, ಆದರೆ ಅವರ ಮುಂದಿನ ದಾರಿಗಳನ್ನೆಲ್ಲ ಮುಚ್ಚಲಿಲ್ಲ. ಭೂಮಿಯಲ್ಲಿ ಹುಟ್ಟಿದ ಮಗುವಿಗೆ ಬಿಟ್ಟುಹೋಗುವ, ತಿದ್ದುವ, ಒಲ್ಲೆನೆನ್ನುವ ಅವಕಾಶ ಅಷ್ಟಿಷ್ಟಾದರೂ ಇರುತ್ತದೆ. ನೌಕೆಯ ಮಗುವಿಗೆ ಅದು ಇಲ್ಲ.

ಇನ್ನೊಂದು ಆಕ್ಷೇಪ: ಈ ಭೂಮಿಯೇ ಅಳಿದರೆ ಮನುಕುಲದ ಗತಿಯೇನು, ಬೀಜವನ್ನು ಬೇರೆಡೆ ಇಡಬೇಡವೆ? ಸೂರ್ಯನ ಕಾವು ಏರಿ ಸಮುದ್ರಗಳು ಬತ್ತುವುದಕ್ಕೆ ಇನ್ನೂ ಸುಮಾರು ನೂರು ಕೋಟಿ ವರ್ಷಗಳಿವೆ. ಆ ಕಾರಣಕ್ಕೆ ಇಂದು ಅವಸರ ಪಡಬೇಕಾಗಿಲ್ಲ. ನಾವೇ ಭೂಮಿಯನ್ನು ಕೆಡಿಸುವ ಭಯವಾದರೆ ಅದು ನಿಜವಾದ ಭಯ. ಆದರೆ ಮುಚ್ಚಿದ ಮೂರು ಎಕರೆಯನ್ನು ನಾನೂರು ವರ್ಷ ಕೆಡದಂತೆ ಕಾಯುವ ವಿದ್ಯೆ ಮತ್ತು ಸಂಯಮ ನಮಗೆ ಬಂದ ದಿನ, ಅದನ್ನು ಮೊದಲು ಘಟಪ್ರಭೆಯ ದಂಡೆಯ ಸವಳು ಹಿಡಿದ ಹೊಲಗಳಿಗೆ ಬಳಸೋಣ. ಇಲ್ಲಿ ಆ ಸಂಯಮ ಬಾರದಿದ್ದರೆ ಅಲ್ಲಿಗೂ ಅದೇ ರೋಗ ನಮ್ಮ ಸಂಗಡ ಹೋಗುತ್ತದೆ.

ಹಾಗಾದರೆ ಮುಂದಿನವರಿಗಾಗಿ ಇಂದಿನವರು ಏನನ್ನೂ ನಿರ್ಣಯಿಸಬಾರದೆ? ಹಾಗಲ್ಲ. ಧೂಪದಾಳದಲ್ಲಿ 1897ರಲ್ಲಿ ಕಟ್ಟಿದ ಒಡ್ಡನ್ನು ನೋಡಿರಿ. ಅದನ್ನು ಕಟ್ಟಿದ ಗೌಂಡಿಗಳಾರೂ ಇಂದಿಲ್ಲ. ಕಾಲುವೆಯಲ್ಲಿ ನೀರು ಹರಿಯುತ್ತಲೇ ಇದೆ. ಜೋಳ ಬಿತ್ತಿರೆಂದಾಗಲಿ ಕಬ್ಬು ಹಚ್ಚಿರೆಂದಾಗಲಿ ಅವರು ನಮಗೆ ಕಟ್ಟುಮಾಡಲಿಲ್ಲ. ನೀರು ಬಿಟ್ಟುಹೋದರು, ಬೆಳೆಯನ್ನು ನಮಗೆ ಬಿಟ್ಟರು. ಅದೇ ಹಿನ್ನೀರಿಗೆ ಚಳಿಗಾಲದಲ್ಲಿ ಮಧ್ಯ ಏಷ್ಯದ ಕಡೆಯಿಂದ ಕ್ರೌಂಚಪಕ್ಷಿಗಳು ಬರುತ್ತವೆ. ಸಾವಿರಾರು ಮೈಲಿಯ ಯಾತ್ರೆ ಅವುಗಳದು. ಆದರೆ ದಾರಿಯುದ್ದಕ್ಕೂ ಗಾಳಿ ಇದೆ, ನೀರಿದೆ, ಬೇಸಿಗೆ ಬಂದರೆ ತಿರುಗಿ ಹೋಗುವ ದಿಕ್ಕಿದೆ.

ಈ ಎರಡು ದೃಷ್ಟಾಂತಗಳಿಂದ ನಮಗೆ ಒಂದು ನಿಯಮ ಹೊಳೆಯುತ್ತದೆ. ತನ್ನ ದೇಹವನ್ನು, ತನ್ನ ಆಯುಷ್ಯವನ್ನು ಜ್ಞಾನಕ್ಕಾಗಿ ಪಣಕ್ಕೊಡ್ಡುವ ಅಧಿಕಾರ ಪ್ರತಿಯೊಬ್ಬನಿಗೂ ಇದೆ; ಅದು ಸಾಹಸ, ಅದನ್ನು ಗೌರವಿಸೋಣ. ಮೊಮ್ಮಗನ ಆಯುಷ್ಯವನ್ನು ಪಣಕ್ಕೊಡ್ಡುವ ಅಧಿಕಾರ ಯಾರಿಗೂ ಇಲ್ಲ. ಆದುದರಿಂದ ದೂರದರ್ಶಕಗಳು ನೋಡಲಿ, ಯಂತ್ರಗಳು ಹೋಗಲಿ, ಕನ್ನಡದ ಧ್ವನಿ ಇನ್ನೂ ದೂರ ಹೋಗಲಿ, ಧಾರವಾಡದ ಕಾಳು ಮೊಳೆಯಲಿ. ಒಪ್ಪಿದ ವಯಸ್ಕರು ತಮ್ಮ ಒಂದೇ ಆಯುಷ್ಯದಲ್ಲಿ ಹೋಗಿ ಬರಬಹುದಾದಷ್ಟು ದೂರ ಹೋಗಿಬರಲಿ. ದಾರಿಯಲ್ಲಿ ಮಕ್ಕಳು ಹುಟ್ಟಿ ಸಾಯಲೇಬೇಕಾದ ಯಾತ್ರೆಯನ್ನು ಮಾತ್ರ, ಅದಕ್ಕೆ ಶಕ್ತಿ ಬಂದ ದಿನವೂ, ನಾವು ಕೈಗೊಳ್ಳಬಾರದು.

ಪ್ರವಚನದ ಕಡೆಯ ದಿನ ಆ ಬಾಲಕ ಮತ್ತೆ ಬಂದನು. ನಾವು ಅವನಿಗೆ ಇದನ್ನೆಲ್ಲ ಹೇಳಿ, “ನೀನು ದೊಡ್ಡವನಾಗಿ ಇಂಥ ನೌಕೆ ಕಟ್ಟುವಿಯೇನಪ್ಪಾ?” ಎಂದು ಕೇಳಿದೆವು. ಅವನು ತುಸು ಯೋಚಿಸಿ, “ಕಟ್ಟತೇನ್ರಿ ಅಜ್ಜಾರ. ಆದ್ರ ಹೊಳ್ಳಿ ಬರೂವಂಥಾದ್ದ ಕಟ್ಟತೇನ್ರಿ” ಎಂದನು. ಅಜ್ಜಿ ಪಕ್ಕದಲ್ಲಿಯೇ ನಿಂತಿದ್ದರು. ಅವನ ತಲೆಯ ಮೇಲೆ ಕೈಯಿಟ್ಟು ಊಟಕ್ಕೆ ಕರೆದುಕೊಂಡು ಹೋದರು.