ಎರಡು ಹದಿನಾಲ್ಕರ ನಡುವಿನ ಹೊಲ

2023ರ ಆಗಸ್ಟ್ 20, ಭಾನುವಾರ ಬೆಳಗ್ಗೆ ಹಿರಿಯೂರು ತಾಲ್ಲೂಕಿನ ವದ್ದಿಕೆರೆ ಬಳಿ ಹೊಲವೊಂದಕ್ಕೆ ಆಕಾಶದಿಂದ ಡ್ರೋನ್ ಬಂದು ಬಿತ್ತು. ರಕ್ಷಣಾ ಸಂಶೋಧನಾ ಸಂಸ್ಥೆಯವರು ಪರೀಕ್ಷೆಗೆಂದು ಹಾರಿಸಿದ್ದ ‘ತಪಸ್’ ಅದು. ಸುತ್ತಲಿನ ಜನ ಸೇರಿದರು, ದೇಶಕ್ಕೆಲ್ಲ ಸುದ್ದಿಯಾಯಿತು. ಅದರ ಹಿಂದಿನ ದಿನ, ಶನಿವಾರ, ಅದೇ ಸೀಮೆಯ ಹೊಲಗಳ ಮೇಲೆ ಇನ್ನೊಂದು ಬಿದ್ದಿತ್ತು. ಅದಕ್ಕೆ ಸದ್ದಿರಲಿಲ್ಲ, ಹೊಗೆಯಿರಲಿಲ್ಲ. ಈರುಳ್ಳಿ ರಫ್ತಿನ ಮೇಲೆ ಶೇ 40 ಸುಂಕ. ಆದೇಶ ಹೊರಟ ಕ್ಷಣದಿಂದಲೇ ಜಾರಿ.

ಅಮೆರಿಕ, ಚೀನಾ, ರಷ್ಯಾ ಅಂತ ಮಾತು ತೆಗೆದರೆ ‘ನಮಗ್ಯಾಕಪ್ಪಾ ಊರ ಉಸಾಬರಿ’ ಎನ್ನುವವರು ನಮ್ಮಲ್ಲಿ ಬಹಳ. ಯಾರು ಯಾರ ಸ್ನೇಹ ಬಿಟ್ಟರು, ಯಾರು ಯಾರ ಕೈ ಹಿಡಿದರು ಎನ್ನುವುದು ಟೀವಿಯವರ ಪಾಡು, ನಮ್ಮ ಪಾಡು ಮಳೆಯದು ಎಂಬ ನಂಬಿಕೆ. ನನ್ನ ಆತಂಕ ಶುರುವಾಗುವುದೇ ಈ ನಂಬಿಕೆಯಿಂದ. ದೇಶದೇಶಗಳ ನೆಂಟಸ್ತನ ಬದಲಾಗುವುದು ಹೊಸದಲ್ಲ. ಆದರೆ ಬದಲಾದಾಗ ಅದರ ಲೆಕ್ಕ ಯಾರ ಹೆಸರಿಗೆ ಬರೆಯುತ್ತಾರೆ, ಬರೆಯುವ ಮೊದಲು ಅವರಿಗೊಂದು ಮಾತು ಹೇಳುತ್ತಾರೋ ಇಲ್ಲವೋ? ಪ್ರಜಾಪ್ರಭುತ್ವದ ಪ್ರಶ್ನೆ ಅಲ್ಲಿದೆ.

ಸಂವಿಧಾನದ ಏಳನೇ ಅನುಸೂಚಿಯನ್ನು ತೆಗೆದು ನೋಡಿ. ರಾಜ್ಯಪಟ್ಟಿಯ 14ನೇ ನಮೂದು ಕೃಷಿ. ಕೇಂದ್ರಪಟ್ಟಿಯ 14ನೇ ನಮೂದು ವಿದೇಶಗಳೊಂದಿಗಿನ ಒಪ್ಪಂದಗಳು. ಸಂಖ್ಯೆ ಒಂದೇ ಆದದ್ದು ಕಾಕತಾಳೀಯ, ನಿಜ. ಆದರೂ ನಮ್ಮ ರೈತನ ಹೊಲ ಇರುವುದು ಈ ಎರಡು ಹದಿನಾಲ್ಕರ ನಡುವೆ. ಬಿತ್ತುವುದು ಒಂದು ಪಟ್ಟಿಯಲ್ಲಿ, ಮಾರುವ ಹೊತ್ತಿಗೆ ಇನ್ನೊಂದು ಪಟ್ಟಿ. ಮೊದಲನೆಯದರ ಬಗ್ಗೆ ಶಾಸಕರನ್ನು ದಾರಿಯಲ್ಲಿ ತಡೆದು ಕೇಳಬಹುದು. ಎರಡನೆಯದರ ಬಗ್ಗೆ ಯಾರನ್ನು ಕೇಳುವುದು? ವಿದೇಶಗಳೊಂದಿಗೆ ಮಾಡಿಕೊಂಡ ಒಪ್ಪಂದಕ್ಕೆ ಸಂಸತ್ತಿನ ಒಪ್ಪಿಗೆ ಪಡೆಯಲೇಬೇಕೆಂಬ ನಿಯಮ ನಮ್ಮಲ್ಲಿಲ್ಲ. 2008ರ ಜುಲೈ 22ರಂದು ಅಮೆರಿಕದ ಅಣು ಒಪ್ಪಂದದ ಗಲಾಟೆಯಲ್ಲಿ ಲೋಕಸಭೆ ಮತ ಹಾಕಿದ್ದುಂಟು. ಅದೂ ಸರ್ಕಾರ ಉಳಿಯಬೇಕೋ ಬೇಡವೋ ಎಂದು. ಒಪ್ಪಂದ ಬೇಕೋ ಬೇಡವೋ ಎಂದಲ್ಲ.

ಹೊಳಲ್ಕೆರೆ, ಭೀಮಸಮುದ್ರದ ಕಡೆ ಅಡಿಕೆಯವರನ್ನು ಮಾತಾಡಿಸಿ. ಭೂತಾನ್ ಎಂದರೆ ಅವರಿಗೆ ಹಿಮಾಲಯ ನೆನಪಾಗುವುದಿಲ್ಲ, 2022ರ ಸೆಪ್ಟೆಂಬರ್ ನೆನಪಾಗುತ್ತದೆ. ಕನಿಷ್ಠ ಆಮದು ಬೆಲೆಯ ಷರತ್ತಿಲ್ಲದೆ ಭೂತಾನಿನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆ ತರಿಸಲು ಕೇಂದ್ರ ಅನುಮತಿ ಕೊಟ್ಟದ್ದು ಆಗ. ಭೂತಾನ್ ನಮ್ಮ ಜೊತೆಗಿರಬೇಕು ಎನ್ನುವುದನ್ನು ನಾನೂ ಒಪ್ಪುತ್ತೇನೆ. ಚೀನಾ ಬಗಲಲ್ಲೇ ಇದೆ, 2017ರ ಡೋಕ್ಲಾಂ ಗಡಿ ಬಿಕ್ಕಟ್ಟು ಮರೆಯುವಂಥದ್ದಲ್ಲ. ಈ ದೇಶದ ಒಟ್ಟು ಬೆಳೆಯ ಮುಂದೆ 17,000 ಟನ್ ದೊಡ್ಡ ಮಾತೂ ಅಲ್ಲ. ಹಾಗಿದ್ದರೆ ಅದನ್ನೇ ಬಾಯಿಬಿಟ್ಟು ಹೇಳಬಹುದಿತ್ತಲ್ಲ? ನೆಂಟಸ್ತನ ದೆಹಲಿಯದು, ಊಟದ ಖರ್ಚು ಹೊಳಲ್ಕೆರೆಯದು ಎಂದಾದಾಗ ಕನಿಷ್ಠ ಮನೆಗೆ ನೆಂಟರು ಬರುತ್ತಾರೆಂದಾದರೂ ತಿಳಿಸಬೇಡವೇ?

ಹೊಸದುರ್ಗದ ತೆಂಗಿನ ಕಥೆ ಇನ್ನೂ ವಿಚಿತ್ರ. 2019ರ ಸೆಪ್ಟೆಂಬರಿನಲ್ಲಿ ಮಲೇಷ್ಯಾದ ಪ್ರಧಾನಿ ಮಹಾತಿರ್ ವಿಶ್ವಸಂಸ್ಥೆಯಲ್ಲಿ ಕಾಶ್ಮೀರದ ಬಗ್ಗೆ ಆಡಿದ ಮಾತು ನಮಗೆ ಹಿಡಿಸಲಿಲ್ಲ. 2020ರ ಜನವರಿಯಲ್ಲಿ, ಆ ದೇಶದಿಂದಲೂ ಬರುತ್ತಿದ್ದ ಸಂಸ್ಕರಿಸಿದ ತಾಳೆ ಎಣ್ಣೆಯ ಆಮದು ನಿರ್ಬಂಧಿತ ಪಟ್ಟಿಗೆ ಹೋಯಿತು. ಕಾರಣ ಇದೇ ಎಂದು ಸರ್ಕಾರ ಹೇಳಲಿಲ್ಲ. ಹೇಳದಿದ್ದರೂ ಎಲ್ಲರಿಗೂ ಅರ್ಥವಾಯಿತು. ತೆಂಗು, ಶೇಂಗಾ ಬೆಳೆಯುವವನ ಮಾರುಕಟ್ಟೆಯ ಎದುರಾಳಿ ತಾಳೆ ಎಣ್ಣೆ. ಲಾಭವಾಯಿತೋ ನಷ್ಟವಾಯಿತೋ ಬೇರೆ ಮಾತು, ಅವನ ತಕ್ಕಡಿ ಅಲುಗಾಡಿದ್ದು ನ್ಯೂಯಾರ್ಕಿನ ಒಂದು ಭಾಷಣಕ್ಕೆ.

ಈರುಳ್ಳಿಗೆ ವಾಪಸ್ ಬರೋಣ. ಸುಂಕದ ಬಳಿಕ 2023ರ ಡಿಸೆಂಬರ್ 8ರಂದು ರಫ್ತು ನಿಷೇಧವೇ ಬಂತು. ನಿಷೇಧದ ನಡುವೆಯೂ ಮಿತ್ರದೇಶಗಳಿಗೆ ಬಾಗಿಲು ತೆರೆದಿತ್ತು. ಬಾಂಗ್ಲಾದೇಶ, ಸಂಯುಕ್ತ ಅರಬ್ ಎಮಿರೇಟ್ಸ್, ಭೂತಾನ್, ಬಹ್ರೇನ್, ಮಾರಿಷಸ್, ಶ್ರೀಲಂಕಾ, ಹೀಗೆ ಆರು ದೇಶಗಳಿಗೆ 99,150 ಟನ್ ಎಂದು 2024ರ ಏಪ್ರಿಲ್ 27ರಂದು ಸರ್ಕಾರ ಪ್ರಕಟಿಸಿತು. ಚಿತ್ರದುರ್ಗ ಲೋಕಸಭಾ ಕ್ಷೇತ್ರದ ಮತದಾನ ಮುಗಿದದ್ದು ಏಪ್ರಿಲ್ 26ಕ್ಕೆ. ನಿಷೇಧ ತೆರವಾದದ್ದು ಮೇ 4ಕ್ಕೆ. ಈರುಳ್ಳಿ ಬೆಳೆಯುವ ನಾಸಿಕ್ ಮತ ಹಾಕಿದ್ದು ಮೇ 20ಕ್ಕೆ. ಇದರಲ್ಲಿ ಸಂಚು ಹುಡುಕುವ ಚಪಲ ನನಗಿಲ್ಲ. ನಮ್ಮ ಮುಂಗಾರಿನ ಈರುಳ್ಳಿ ಹೆಚ್ಚು ದಿನ ತಡೆಯುವುದೂ ಇಲ್ಲ. ಬಾಗಿಲು ತೆರೆಯುವ ಹೊತ್ತಿಗೆ ನಮ್ಮವರ ಬೆಳೆ ಎಂದೋ ಯಶವಂತಪುರದ ಮಾರುಕಟ್ಟೆ ಸೇರಿ, ಚೀಲಗಳು ಖಾಲಿಯಾಗಿದ್ದವು. ಆದರೆ ತನ್ನ ಬೆಳೆಯನ್ನು ಹೊರಗೆ ಮಾರುವಂತಿಲ್ಲ ಎಂದು ರೈತನಿಗೆ ಹೇಳಿದ ಸರ್ಕಾರವೇ ಅದೇ ಬೆಳೆಯನ್ನು ಸ್ನೇಹದ ಕಾಣಿಕೆಯಂತೆ ಅಳೆದು ಕೊಟ್ಟಿತು ಎಂಬುದು ಮಾತ್ರ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಇದನ್ನು ಪ್ರಜಾಪ್ರಭುತ್ವದ ಕೊರತೆ ಎನ್ನಲೂ ಬಾರದು, ಅದೇ ಇಕ್ಕಟ್ಟು. 1998ರಲ್ಲಿ ದೆಹಲಿಯ ಸರ್ಕಾರವನ್ನು ಈರುಳ್ಳಿ ಬೆಲೆ ಉರುಳಿಸಿದ್ದನ್ನು ಯಾವ ಪಕ್ಷವೂ ಮರೆತಿಲ್ಲ. ಕೊಳ್ಳುವವರ ಮತ ಹೆಚ್ಚು, ಬೆಳೆಯುವವರ ಮತ ಕಡಿಮೆ. ಎಣಿಸಿ ನೋಡಿಯೇ ನಿಷೇಧ ಹಾಕಿದ್ದು. ಎಣಿಕೆಯನ್ನೇ ಪ್ರಜಾಪ್ರಭುತ್ವ ಎಂದುಕೊಂಡರೆ ಹಿರಿಯೂರಿನ ರೈತ ದೂರುವಂತಿಲ್ಲ. ಕೇಳುವುದನ್ನೂ ಅದರೊಳಗೆ ಸೇರಿಸಿದರೆ ದೂರಬಹುದು.

ಕೇಳಿಸಿಕೊಂಡ ಉದಾಹರಣೆಯೂ ಇದೆ. ಹದಿನಾರು ದೇಶಗಳ ಆರ್‌ಸಿಇಪಿ ವ್ಯಾಪಾರ ಒಪ್ಪಂದದಿಂದ ಭಾರತ 2019ರ ನವೆಂಬರ್ 4ರಂದು ಬ್ಯಾಂಕಾಕಿನಲ್ಲಿ ಹಿಂದೆ ಸರಿಯಿತು. ನ್ಯೂಜಿಲೆಂಡಿನ ಹಾಲಿನ ಪುಡಿ ಬಂದರೆ ನಮ್ಮ ಗತಿಯೇನು ಎಂದು ಹಾಲು ಉತ್ಪಾದಕರು ಅಷ್ಟರಲ್ಲಿ ದೇಶದುದ್ದಕ್ಕೂ ಕೂಗೆಬ್ಬಿಸಿದ್ದರು. ಚೀನಾದ ಭಯವೂ ಕೆಲಸ ಮಾಡಿತೆನ್ನಿ. ಹಸುವೊಂದೇ ಗೆದ್ದಿತು ಎಂದರೆ ಅತಿಯಾದೀತು. ಆದರೂ ಹಾಲಿಗೆ ದನಿ ಬಂದದ್ದು ಹೇಗೆ? ಊರೂರಿಗೆ ಡೈರಿ ಇದೆ, ಡೈರಿಗೆ ಆಡಳಿತ ಮಂಡಳಿ ಇದೆ, ಅದಕ್ಕೆ ಚುನಾವಣೆ ಇದೆ, ಮೇಲೆ ನಮ್ಮ ಮೂರು ಜಿಲ್ಲೆಗಳ ಹಾಲು ಒಕ್ಕೂಟ ಶಿಮುಲ್ ಇದೆ, ಅದರ ಮೇಲೆ ಕೆಎಂಎಫ್ ಇದೆ. ಕೊಟ್ಟಿಗೆಯಿಂದ ದೆಹಲಿಗೆ ಒಂದು ಏಣಿ. ಅಡಿಕೆಗೂ ಕ್ಯಾಂಪ್ಕೊ, ಮ್ಯಾಮ್ಕೋಸ್‌ ಎಂಬ ಸಹಕಾರಿ ಮೆಟ್ಟಿಲುಗಳಿವೆ. ಕನಿಷ್ಠ ಆಮದು ಬೆಲೆ 2023ರಲ್ಲಿ ಕಿಲೋಗೆ 351 ರೂಪಾಯಿಗೆ ಏರಿದ್ದರಲ್ಲಿ ಅವುಗಳ ಪಾಲುಂಟು. ಈರುಳ್ಳಿಗೆ ಅಂಥ ಡೈರಿ ಇಲ್ಲ.

ಚಿತ್ರದುರ್ಗದಂಥ ಕೋಟೆಯೂರಿನಲ್ಲಿ ಕೂತು ಇಲ್ಲಿನ ಪಾಳೆಯಗಾರ ಮದಕರಿ ನಾಯಕನನ್ನು ಮರೆತು ಮೈತ್ರಿಯ ಮಾತಾಡುವುದು ಹೇಗೆ? ಮೈಸೂರಿನ ಹೈದರ್ ಅಲಿಗೆ ಕಾಳಗಗಳಲ್ಲಿ ಹೆಗಲು ಕೊಟ್ಟ ನಾಯಕ, 1777ರಲ್ಲಿ ಮರಾಠರೂ ನಿಜಾಮನೂ ಹೈದರನ ಮೇಲೆ ಒಟ್ಟಾದಾಗ ತನ್ನ ಪಡೆಯನ್ನು ಕಳಿಸದೆ ಕಾದು ನೋಡಿದ. ಗಾಳಿ ಹೈದರನ ಕಡೆಗೇ ತಿರುಗಿತು. 1779ರಲ್ಲಿ ದುರ್ಗ ಬಿತ್ತು. ನಾಯಕ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಹೋದ. ಜೊತೆಗೆ ಇಲ್ಲಿನ 20,000 ಬೇಡರನ್ನು ಕಿತ್ತು ಅಲ್ಲಿಗೆ ಸಾಗಿಸಿದರು ಎಂದು ಬಿ.ಎಲ್. ರೈಸ್ ತನ್ನ ಮೈಸೂರು ಗೆಜೆಟಿಯರಿನಲ್ಲಿ ದಾಖಲಿಸಿದ್ದಾನೆ. ನಾಟಕ, ಕಾದಂಬರಿ, ಸಿನಿಮಾಗಳಲ್ಲಿ ನಾವು ನಾಯಕನಿಗಾಗಿ ಅತ್ತಿದ್ದೇವೆ. ಕಾದು ನೋಡುವ ತೀರ್ಮಾನದಲ್ಲಿ ಆ ಇಪ್ಪತ್ತು ಸಾವಿರದಲ್ಲಿ ಒಬ್ಬನ ಮಾತೂ ಇರಲಿಲ್ಲವಲ್ಲ, ಅದಕ್ಕೆ ಅತ್ತಂತಿಲ್ಲ.

ಅದು ಪಾಳೆಯಗಾರಿಕೆ, ಕೇಳುವ ಪದ್ಧತಿಯೇ ಇರಲಿಲ್ಲ. ಈಗಿನ ಉತ್ತರ ಬೇರೆ: ರಾಜತಾಂತ್ರಿಕತೆ ಸೂಕ್ಷ್ಮ, ಗುಟ್ಟು ಬೇಕು, ಎಲ್ಲವನ್ನೂ ಸಂತೆಯಲ್ಲಿ ಚರ್ಚಿಸಲಾಗದು. ಕ್ಷಿಪಣಿಗೆ, ಗಡಿಗೆ ಈ ಮಾತು ಸರಿ. ಅಡಿಕೆಗೆ ಯಾವ ಗುಟ್ಟು? ಬಿತ್ತನೆಯಾದ ಮೇಲೆ, ಕೊಯ್ಲಿಗೆ ಮೊದಲು, ರಾತ್ರೋರಾತ್ರಿ ಸುಂಕ ಹೇರುವುದಿಲ್ಲ ಎಂದು ಒಂದು ಕಾನೂನು ತಂದರೆ ಯಾವ ಶತ್ರುದೇಶಕ್ಕೆ ಲಾಭ? ಬೆಳೆಗೆ ತಟ್ಟುವ ಒಪ್ಪಂದವನ್ನು ಸಹಿಗೆ ಮೊದಲು ಸಂಸತ್ತಿನ ಮುಂದಿಡಬೇಕು, ಅದರ ಕನ್ನಡ ಪ್ರತಿ ಜಿಲ್ಲೆಗೆ ಬರಬೇಕು ಎನ್ನುವುದು ಅತಿಯಾಸೆಯೇನಲ್ಲ.

ಬಂದರೂ ಅದನ್ನು ಎಲ್ಲಿ ಚರ್ಚಿಸುವುದು? ಕೃಷಿಯ ಮಾತಾಡಬಹುದಾದ ಜಿಲ್ಲಾ ಮಟ್ಟದ ಸಭೆ ಜಿಲ್ಲಾ ಪಂಚಾಯಿತಿ. ಅದರ ಚುನಾಯಿತ ಸದಸ್ಯರ ಅವಧಿ 2021ರಲ್ಲಿ ಮುಗಿಯಿತು. ಆಮೇಲೆ 2023ರಲ್ಲಿ ವಿಧಾನಸಭೆಗೆ ಚುನಾವಣೆ ನಡೆಯಿತು, 2024ರಲ್ಲಿ ಲೋಕಸಭೆಗೆ ನಡೆಯಿತು. ಆ ಎರಡು ವರ್ಷಗಳಲ್ಲೂ ಜಿಲ್ಲಾ ಪಂಚಾಯಿತಿಗೆ ನಡೆಯಲಿಲ್ಲ.