ಎದುರಾಳಿ ಬಲಿಷ್ಠನಾದಾಗ

ಊರ ಬಯಲಿನಲ್ಲೋ ಕೇರಿಯ ರಸ್ತೆಯಲ್ಲೋ ಕ್ರಿಕೆಟ್ ಆಡಿ ಬೆಳೆದವರಿಗೆಲ್ಲ ಒಂದು ನಿಯಮ ಗೊತ್ತು. ಬ್ಯಾಟು ಯಾರದೋ ಅವನೇ ಮೊದಲು ಆಡಬೇಕು. ಔಟಾದರೂ ಅವನು ಒಪ್ಪುವುದಿಲ್ಲ. ಹೆಚ್ಚು ವಾದಿಸಿದರೆ ಬ್ಯಾಟನ್ನು ಬಗಲಿಗೇರಿಸಿಕೊಂಡು ಮನೆಗೆ ಹೊರಟುಬಿಡುತ್ತಾನೆ. ಹೀಗಾಗಿ ನಾವು ನಾವೇ ಆಡುವಾಗ ತಂಡದ ಆಯ್ಕೆ ಎಂಬುದು ಇರುತ್ತಲೇ ಇರಲಿಲ್ಲ. ಬ್ಯಾಟಿನ ಒಡೆಯ, ಅವನ ತಮ್ಮ, ಅವನ ಪಕ್ಕದ ಮನೆಯವನು, ಆಮೇಲೆ ಉಳಿದವರು. ಆದರೆ ಪಕ್ಕದೂರಿನ ತಂಡದೊಂದಿಗೆ ಪಂದ್ಯ ಗೊತ್ತಾದರೆ, ಸೋತವರು ಹೊಸ ಚೆಂಡು ಕೊಡಿಸಬೇಕೆಂದು ಮಾತಾದರೆ, ಕತೆಯೇ ಬೇರೆ. ಆಗ ನಮಗೆ ಪಂಕ್ಚರ್ ಅಂಗಡಿಯಲ್ಲಿ ಕೆಲಸಕ್ಕಿದ್ದ ಹುಡುಗನ ನೆನಪಾಗುತ್ತಿತ್ತು. ಅವನ ಕೈಯಿಂದ ಬಂದ ಚೆಂಡು ಎಲ್ಲಿ ಬಿದ್ದು ಎತ್ತ ತಿರುಗುತ್ತದೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ಮಾಲಿಕನ ಕೈಕಾಲು ಹಿಡಿದು ಅವನನ್ನು ಕರೆತರುತ್ತಿದ್ದೆವು. ಅವನು ಪಂದ್ಯ ಗೆಲ್ಲಿಸಿಕೊಟ್ಟು ಕೈಗೆ ಅಂಟಿದ ಗ್ರೀಸಿನೊಂದಿಗೇ ಅಂಗಡಿಗೆ ಮರಳುತ್ತಿದ್ದ. ಮುಂದಿನ ಭಾನುವಾರ ಅವನನ್ನು ಕರೆಯಲು ಯಾರೂ ಹೋಗುತ್ತಿರಲಿಲ್ಲ. ನಾವು ಯಾರೂ ಕೆಟ್ಟವರೇನಲ್ಲ. ನೆನಪಾಗುತ್ತಿರಲಿಲ್ಲ, ಅಷ್ಟೆ.

ಬಲಿಷ್ಠ ಎದುರಾಳಿಯ ಮುಂದೆ ಹನ್ನೊಂದು ಮಂದಿಯನ್ನು ಆರಿಸುವುದನ್ನು ನಾವು ಸಾಮಾನ್ಯವಾಗಿ ತಂತ್ರದ ಪ್ರಶ್ನೆ ಎಂದು ತಿಳಿಯುತ್ತೇವೆ. ಒಬ್ಬ ಬ್ಯಾಟ್ಸ್‌ಮನ್ ಹೆಚ್ಚಿರಲಿ, ಹೇಗಾದರೂ ಡ್ರಾ ಆಗಲಿ ಎನ್ನುವವರು ಒಂದು ಕಡೆ; ಇಪ್ಪತ್ತು ವಿಕೆಟ್ ಕೀಳದೆ ಟೆಸ್ಟ್ ಗೆಲ್ಲಲಾಗದು, ಆದ್ದರಿಂದ ಬೌಲರ್ ಬೇಕು ಎನ್ನುವವರು ಇನ್ನೊಂದು ಕಡೆ. 2020ರ ಡಿಸೆಂಬರ್ 19ರಂದು ಅಡಿಲೇಡ್‌ನಲ್ಲಿ ಭಾರತ ಎರಡನೇ ಇನ್ನಿಂಗ್ಸ್‌ನಲ್ಲಿ 36 ರನ್ನಿಗೆ ಮುಗಿದುಹೋಯಿತು. ನಮ್ಮ ಟೆಸ್ಟ್ ಇತಿಹಾಸದ ಅತ್ಯಂತ ಕಡಿಮೆ ಮೊತ್ತ ಅದು. ನಾಯಕ ವಿರಾಟ್ ಕೊಹ್ಲಿ ಮಗುವಿನ ಜನನದ ಸಮಯಕ್ಕೆ ಊರಿಗೆ ಹೊರಟರು. ಮೊಹಮ್ಮದ್ ಶಮಿಯ ಕೈಮೂಳೆ ಮುರಿದಿತ್ತು. ಕೊಹ್ಲಿಯ ಜಾಗಕ್ಕೆ ಇನ್ನೊಬ್ಬ ಬ್ಯಾಟ್ಸ್‌ಮನ್ ಬರುತ್ತಾನೆಂದು ನಾವು ಕಾದಿದ್ದಾಗ ಮೆಲ್ಬರ್ನ್‌ನಲ್ಲಿ ಆಡಿದ್ದು ರವೀಂದ್ರ ಜಡೇಜ. ಅಂದರೆ ಐವರು ಬೌಲರುಗಳು. ಅಜಿಂಕ್ಯ ರಹಾನೆ ಶತಕ ಹೊಡೆದರು, ಭಾರತ ಎಂಟು ವಿಕೆಟ್‌ಗಳಿಂದ ಗೆದ್ದಿತು. ಗೆಲ್ಲದಿದ್ದರೂ ಆ ಆಯ್ಕೆಗೆ ಒಂದು ಘನತೆ ಇರುತ್ತಿತ್ತೆಂದೇ ನಮ್ಮ ಭಾವನೆ. ಸೋಲನ್ನು ಮುಂದೂಡಲು ಆರಿಸಿದ ತಂಡ ಅಂಗಳಕ್ಕೆ ಇಳಿಯುವ ಮೊದಲೇ ಎದುರಾಳಿಯ ದೊಡ್ಡಸ್ತಿಕೆಯನ್ನು ಒಪ್ಪಿಕೊಂಡಿರುತ್ತದೆ.

ಆದರೆ ಆ ಪಂದ್ಯದ ಇನ್ನೊಂದು ಹೆಸರು ನಮ್ಮನ್ನು ಬೇರೆಡೆಗೆ ಎಳೆಯುತ್ತದೆ. ಶಮಿಯ ಜಾಗದಲ್ಲಿ ಅಂದು ಮೊದಲ ಟೆಸ್ಟ್ ಆಡಿದವರು ಮೊಹಮ್ಮದ್ ಸಿರಾಜ್, ಹೈದರಾಬಾದಿನ ಆಟೊ ಚಾಲಕರೊಬ್ಬರ ಮಗ. ಆಸ್ಟ್ರೇಲಿಯಕ್ಕೆ ಬಂದಿಳಿದ ಮೇಲೆ ನವೆಂಬರಿನಲ್ಲಿ ತಂದೆ ತೀರಿಕೊಂಡರೂ ಅವರು ಹಿಂದಿರುಗಿರಲಿಲ್ಲ. ಮೆಲ್ಬರ್ನ್‌ನಲ್ಲಿ ಐದು ವಿಕೆಟ್ ಪಡೆದ ಅವರು, ಮೂರೇ ಟೆಸ್ಟ್ ಆಡಿಯೂ ಸರಣಿಯಲ್ಲಿ ಭಾರತದ ಪರ ಅತಿ ಹೆಚ್ಚು, 13 ವಿಕೆಟ್ ಕಿತ್ತರು. ಬ್ರಿಸ್ಬೇನ್‌ಗೆ ಬರುವಷ್ಟರಲ್ಲಿ ಅರ್ಧ ತಂಡ ಗಾಯಾಳು. ನೆಟ್‌ನಲ್ಲಿ ಚೆಂಡೆಸೆಯಲೆಂದು ಉಳಿದಿದ್ದ ಸೇಲಂ ಬಳಿಯ ಹಳ್ಳಿಯ ನಟರಾಜನ್ ಮತ್ತು ವಾಷಿಂಗ್ಟನ್ ಸುಂದರ್ ಟೆಸ್ಟ್ ಟೋಪಿ ಧರಿಸಿದರು. 1988ರಿಂದ ಆಸ್ಟ್ರೇಲಿಯ ಸೋಲದಿದ್ದ ಅಂಗಳದಲ್ಲಿ, 2021ರ ಜನವರಿ 19ರಂದು, 328 ರನ್ನುಗಳ ಗುರಿಯನ್ನು ಈ ತಂಡ ಬೆನ್ನಟ್ಟಿ ಗೆದ್ದಿತು. ಸಿರಾಜ್‌ಗೆ ಯಾರೂ ಅನ್ಯಾಯ ಮಾಡಿರಲಿಲ್ಲ, ಸರದಿಯಲ್ಲಿ ಮುಂದಿನವರು ಅವರೇ. ಆದರೂ ಕೇಳಿಕೊಳ್ಳಬೇಕಾಗುತ್ತದೆ: ಬೇರೆಯವರ ಕೈಮೂಳೆ ಮುರಿಯದೆ ಇದ್ದುದರಿಂದ ನಾವು ಎಂದೂ ನೋಡದೆ ಹೋದವರು ಎಷ್ಟು ಮಂದಿ? ಕಷ್ಟ ಬಂದಾಗ ಮಾತ್ರ ಕಣ್ಣಿಗೆ ಬೀಳುವ ಪ್ರತಿಭೆಗೆ ನಾವು ಕೊಡುತ್ತಿರುವುದು ನ್ಯಾಯವೋ, ಅಥವಾ ನಮ್ಮ ಅಗತ್ಯವನ್ನೇ ನ್ಯಾಯವೆಂದು ಕರೆದುಕೊಳ್ಳುತ್ತಿದ್ದೇವೋ?

ಈ ಪ್ರಶ್ನೆ ಹೊಸದಲ್ಲ. ಭಾರತದ ಕ್ರಿಕೆಟ್ ಹುಟ್ಟಿದ್ದೇ ಇದರೊಂದಿಗೆ. ಉತ್ತರವನ್ನು ಮೈಮೇಲೆ ಹೊತ್ತು ನಡೆದವರು ನಮ್ಮ ಧಾರವಾಡದಲ್ಲಿ ಹುಟ್ಟಿದ ಪಲ್ವಂಕರ್ ಬಾಲೂ.

ಬಾಲೂ ಚಮ್ಮಾರ ಸಮುದಾಯದವರು. ಮನೆತನದ ಹೆಸರು ಕೊಂಕಣದ ಪಲ್ವಣ ಎಂಬ ಊರಿನದು, ತಂದೆ ಸೈನ್ಯದ ಕೆಲಸದಲ್ಲಿದ್ದವರು. ಪುಣೆಯಲ್ಲಿ ಪಾರ್ಸಿಗಳ ಕ್ರಿಕೆಟ್ ಕ್ಲಬ್ಬಿನ ಅಂಗಳ ಗುಡಿಸಿ, ಪಿಚ್ಚಿನ ಮೇಲೆ ರೋಲರ್ ಎಳೆಯುವ ಕೆಲಸಕ್ಕೆ ಅವರು ಸೇರಿದಾಗ ತಿಂಗಳಿಗೆ ಮೂರು ರೂಪಾಯಿ ಸಂಬಳ. ಆಮೇಲೆ ಇಂಗ್ಲಿಷರ ಕ್ಲಬ್ಬಿಗೆ ಹೋದರು, ಒಂದು ರೂಪಾಯಿ ಹೆಚ್ಚಾಯಿತು. ಅಲ್ಲಿನ ಹೆಸರಾಂತ ಬ್ಯಾಟ್ಸ್‌ಮನ್ ಗ್ರೀಗ್ ಎಂಬ ಸೇನಾಧಿಕಾರಿ ಅಭ್ಯಾಸಕ್ಕಾಗಿ ಗಂಟೆಗಟ್ಟಲೆ ಈ ಹುಡುಗನಿಂದ ಚೆಂಡು ಎಸೆಯಿಸಿಕೊಳ್ಳುತ್ತಿದ್ದ. ತನ್ನನ್ನು ಔಟ್ ಮಾಡಿದಾಗಲೆಲ್ಲ ಎಂಟಾಣೆ ಕೊಡುತ್ತಿದ್ದನೆಂಬ ಕತೆ ಇದೆ. ಕತೆ ನಿಜವೋ ಸುಳ್ಳೋ, ಬಾಲೂ ಅವರ ಎಡಗೈ ಸ್ಪಿನ್ ಹದಗೊಂಡಿದ್ದು ಆ ನೆಟ್‌ನಲ್ಲೇ. ಆದರೆ ಅಷ್ಟು ವರ್ಷ ಚೆಂಡೆಸೆದವರ ಕೈಗೆ ಅಲ್ಲಿ ಯಾರೂ ಒಮ್ಮೆಯೂ ಬ್ಯಾಟು ಕೊಡಲಿಲ್ಲ. ಚೆಂಡೆಸೆಯುವುದು ದುಡಿಮೆ, ಬ್ಯಾಟು ಬೀಸುವುದು ದೊರೆತನ. ಕ್ರಿಕೆಟ್ಟಿನೊಳಗಿನ ಈ ವರ್ಣಾಶ್ರಮ ಇಂಗ್ಲೆಂಡಿನಿಂದಲೇ ಬಂದದ್ದು; ನಮ್ಮ ನೆಲದಲ್ಲಿ ಅದಕ್ಕೆ ಗೊಬ್ಬರ ಸಿಗುವುದು ಕಷ್ಟವಾಗಲಿಲ್ಲ.

ಪುಣೆಯ ಹಿಂದೂ ತಂಡಕ್ಕೆ ಯುರೋಪಿಯನ್ನರನ್ನು ಸೋಲಿಸುವ ಹಂಬಲ. ಆ ಯುರೋಪಿಯನ್ನರೇ ಹೆದರುವ ಬೌಲರ್ ತಮ್ಮದೇ ಊರಿನಲ್ಲಿದ್ದಾನೆ, ಆದರೆ ಅಸ್ಪೃಶ್ಯ. ಏನು ಮಾಡುವುದು? ಚರ್ಚೆಯಾಯಿತು, ಮನಸ್ತಾಪವಾಯಿತು, ಕೊನೆಗೆ ಬಾಲೂ ತಂಡಕ್ಕೆ ಬಂದರು. ಅಂಗಳದಲ್ಲಿ ಎಲ್ಲರೂ ಅದೇ ಚೆಂಡನ್ನು ಮುಟ್ಟುತ್ತಿದ್ದರು. ಚೆಂಡಿಗೆ ಮೈಲಿಗೆ ತಟ್ಟಲಿಲ್ಲ. ಚಹಾದ ವಿರಾಮಕ್ಕೆ ಉಳಿದವರು ಪೆವಿಲಿಯನ್ನಿನ ಒಳಗೆ ಹೋದರೆ ಬಾಲೂ ಅವರಿಗೆ ಹೊರಗೆ, ಕುಡಿದು ಎಸೆಯುವ ಮಣ್ಣಿನ ಕುಡಿಕೆಯಲ್ಲಿ. ಊಟದ ತಟ್ಟೆ ಬೇರೆ, ಕೂರುವ ಜಾಗ ಬೇರೆ.

ಮುಂದೆ ಅವರು ಮುಂಬಯಿಗೆ ಬಂದರು. 1906ರಲ್ಲಿ ಹಿಂದೂ ತಂಡ ಯುರೋಪಿಯನ್ನರನ್ನು 109 ರನ್ನುಗಳಿಂದ ಸೋಲಿಸಿದಾಗ ಬಾಲೂ ಎಂಟು ವಿಕೆಟ್ ಪಡೆದಿದ್ದರು, ತಮ್ಮ ಶಿವರಾಂ ಜೊತೆಯಲ್ಲಿ ಆಡಿದ್ದರು. ಮುಂಬಯಿಯಲ್ಲಿ ಹಿಂದೂ ಜಿಮ್ಖಾನದವರು ಆ ವೇಳೆಗೆ ಈ ಸಹೋದರರೊಂದಿಗೆ ಒಟ್ಟಿಗೆ ಕುಳಿತು ಉಣ್ಣತೊಡಗಿದ್ದನ್ನು ಅಂದಿನ ಸುಧಾರಣಾವಾದಿ ಪತ್ರಿಕೆ ಸಂತೋಷದಿಂದ ಬರೆಯಿತು. ಇದನ್ನು ನಾವು ಹಗುರವಾಗಿ ತಳ್ಳಿಹಾಕಬಾರದು. ಸ್ವಾರ್ಥಕ್ಕೆ ತೆರೆದ ಬಾಗಿಲೂ ಬಾಗಿಲೇ. ಗೆಲ್ಲಲೆಂದು ಕರೆದವನ ಜೊತೆ ನಿಂತು ನಿಂತು ಮನುಷ್ಯನ ಕಣ್ಣು ಸ್ವಲ್ಪ ಬದಲಾಗುತ್ತದೆ. ಉದ್ದೇಶ ಶುದ್ಧವಾಗುವವರೆಗೆ ಕಾಯುತ್ತ ಕುಳಿತಿದ್ದರೆ ಬಾಲೂ ರೋಲರ್ ಎಳೆಯುತ್ತಲೇ ಮುದುಕರಾಗುತ್ತಿದ್ದರು.

1911ರಲ್ಲಿ ಮೊದಲ ಬಾರಿಗೆ ಇಡೀ ಭಾರತದ ಹೆಸರಿನಲ್ಲಿ ತಂಡವೊಂದು ಇಂಗ್ಲೆಂಡಿಗೆ ಹೊರಟಿತು. ಎದುರಾಳಿ ಯಾವ ಲೆಕ್ಕದಲ್ಲೂ ಬಲಿಷ್ಠ. ಅಂದು ತಂಡವನ್ನು ಹೇಗೆ ಆರಿಸಿದರು ನೋಡಿ: ಪಾರ್ಸಿಗಳು ಆರು, ಹಿಂದೂಗಳು ಐದು, ಮುಸ್ಲಿಮರು ಮೂರು, ಎಲ್ಲರ ಮೇಲೆ ನಾಯಕನಾಗಿ ಪಟಿಯಾಲದ ತರುಣ ಮಹಾರಾಜ ಭೂಪಿಂದರ್ ಸಿಂಗ್. ಹಿಂದೂಗಳ ಐದರಲ್ಲಿ ಬಾಲೂ, ಶಿವರಾಂ ಇಬ್ಬರೂ ಇದ್ದರು, ನಮ್ಮ ಬೆಂಗಳೂರಿನ ಬಿ. ಜಯರಾಂ ಕೂಡ. ಅದೇ ಬೇಸಿಗೆಯಲ್ಲಿ ಐದನೇ ಜಾರ್ಜ್‌ನ ಪಟ್ಟಾಭಿಷೇಕ. ಮಹಾರಾಜರಿಗೆ ಲಂಡನ್ನಿನ ಔತಣಗಳ ನಡುವೆ ಕ್ರಿಕೆಟ್ಟಿಗೆ ಪುರುಸೊತ್ತು ಸಿಕ್ಕಿದ್ದು ಕೆಲವೇ ಪಂದ್ಯಗಳಲ್ಲಿ. ತಂಡ ಸಾಲುಸಾಲಾಗಿ ಸೋತಿತು. ಲೀಸೆಸ್ಟರ್‌ಶೈರ್ ವಿರುದ್ಧ ಮೊದಲ ಗೆಲುವು ಬಂದಾಗ ಅದರ ಹಿಂದೆ ಇದ್ದದ್ದು ಬಾಲೂ ಅವರ ಬೆರಳುಗಳು. ಆ ಪ್ರವಾಸದಲ್ಲಿ ಅವರು ಒಟ್ಟು 114 ವಿಕೆಟ್ ಪಡೆದರು. ಬ್ಯಾಟಿನ ಒಡೆಯ ಔತಣದಲ್ಲಿ, ಪಂಕ್ಚರ್ ಅಂಗಡಿಯ ಹುಡುಗ ಬಿಸಿಲಿನಲ್ಲಿ. ಹೋಲಿಕೆ ಒರಟೆನಿಸಿದರೆ ಓದುಗರು ಕ್ಷಮಿಸಬೇಕು, ನಮಗೆ ಬೇರೆ ಹೊಳೆಯುವುದಿಲ್ಲ.

ಊರಿಗೆ ಮರಳಿದ ಮೇಲೆ ಏನಾಯಿತು? ಹಿಂದೂ ತಂಡದ ನಾಯಕತ್ವ ಅವರಿಗೆ ಸಲ್ಲಬೇಕೆಂದು ವರ್ಷ ವರ್ಷವೂ ಮಾತು ಎದ್ದಿತು, ವರ್ಷ ವರ್ಷವೂ ತಪ್ಪಿತು. ಈ ಗೌರವ ಹಿರಿಯನಾದ ಗೆಳೆಯ ಬಾಲೂಗೆ ಸಲ್ಲಬೇಕಿತ್ತೆಂದು ನಾಯಕನಾದ ಎಂ.ಡಿ. ಪೈ ಅವರೇ ಬಹಿರಂಗವಾಗಿ ಹೇಳಿದ್ದುಂಟು. 1920ರಲ್ಲಿ ಮುಸ್ಲಿಂ ತಂಡದ ವಿರುದ್ಧದ ಪಂದ್ಯಕ್ಕೆ ಬಾಲೂ ಅವರನ್ನೇ ಕೈಬಿಟ್ಟರು. ತಮ್ಮಂದಿರಾದ ವಿಠ್ಠಲ್ ಮತ್ತು ಶಿವರಾಂ ಪ್ರತಿಭಟಿಸಿ ತಂಡದಿಂದ ಹೊರನಡೆದರು. ಗದ್ದಲವಾದ ಮೇಲೆ ಮುಂದಿನ ಪಂದ್ಯಕ್ಕೆ ಬಾಲೂ ಉಪನಾಯಕ. ನಾಯಕ ಸ್ವಲ್ಪ ಹೊತ್ತು ಅಂಗಳ ಬಿಟ್ಟು ಹೊರಹೋಗಿ ಅವರಿಗೆ ತಂಡ ನಡೆಸುವ ಅವಕಾಶ ಮಾಡಿಕೊಟ್ಟರು. ಒಂದು ಬಾಳಿನ ದುಡಿಮೆಗೆ ಕೆಲವು ಗಂಟೆಗಳ ನಾಯಕತ್ವ. ವಿಠ್ಠಲ್ ಪೂರ್ಣ ನಾಯಕರಾಗಲು 1923 ಬರಬೇಕಾಯಿತು. ಬಲಿಷ್ಠ ಎದುರಾಳಿ ತೆರೆಸಿದ ಬಾಗಿಲು ದುಡಿಯುವವನಿಗೆ ತೆರೆದಿತ್ತು, ಆಳುವವನ ಕುರ್ಚಿಯವರೆಗೆ ಅದು ಹೋಗಲಿಲ್ಲ. ಏಕೆಂದರೆ ಪಂದ್ಯ ಗೆಲ್ಲಲು ಬಾಲೂ ಬೌಲ್ ಮಾಡಿದರೆ ಸಾಕಿತ್ತು, ಅವರು ನಾಯಕರಾಗುವ ಅಗತ್ಯ ಯಾರಿಗೂ ಇರಲಿಲ್ಲ.

1937ರ ಚುನಾವಣೆಯಲ್ಲಿ ಮುಂಬಯಿಯ ಒಂದು ಕ್ಷೇತ್ರದಲ್ಲಿ ಕಾಂಗ್ರೆಸ್ಸಿಗೆ ಡಾ. ಅಂಬೇಡ್ಕರ್ ಎದುರಾಳಿ. ಅವರ ವಿರುದ್ಧ ನಿಲ್ಲಿಸಲು ಪಕ್ಷ ಹುಡುಕಿದ್ದು ಬಾಲೂ ಅವರನ್ನೇ. ಎರಡು ಸಾವಿರದಷ್ಟು ಮತಗಳಿಂದ ಬಾಲೂ ಸೋತರು. ಇದನ್ನು ಓದಿದಾಗಲೆಲ್ಲ ನಮಗೆ ನೋವಾಗುತ್ತದೆ. ಯಾರ ಬಗ್ಗೆ ಎಂದು ಕೇಳಿದರೆ ಹೇಳುವುದು ಕಷ್ಟ.

ಎದುರಾಳಿ ದುರ್ಬಲನಾದಾಗ ಆಯ್ಕೆಯಲ್ಲಿ ಏನು ನಡೆಯುತ್ತದೆ ಎಂಬುದಕ್ಕೆ ಹತ್ತಿರದ ಒಂದು ಉದಾಹರಣೆ ಕೊಡಬಹುದು. 2016ರ ಡಿಸೆಂಬರಿನಲ್ಲಿ ಚೆನ್ನೈಯಲ್ಲಿ ಇಂಗ್ಲೆಂಡ್ ವಿರುದ್ಧ ಔಟಾಗದೆ 303 ರನ್ ಹೊಡೆದ ಕರ್ನಾಟಕದ ಕರುಣ್ ನಾಯರ್, 2017ರ ಫೆಬ್ರುವರಿಯಲ್ಲಿ ಬಾಂಗ್ಲಾದೇಶದ ವಿರುದ್ಧದ ಮುಂದಿನ ಟೆಸ್ಟಿನಲ್ಲಿ ಹನ್ನೊಂದರೊಳಗೆ ಇರಲಿಲ್ಲ. ಗಾಯದಿಂದ ಚೇತರಿಸಿಕೊಂಡ ರಹಾನೆಗೆ ಅವರ ಜಾಗ ಮರಳಿತು. ಇದನ್ನು ಅನ್ಯಾಯವೆಂದು ಒಂದೇ ಮಾತಿನಲ್ಲಿ ಹೇಳಲಾರೆವು. ಗಾಯಗೊಂಡವನ ಜಾಗವನ್ನು ಕಾದಿಡುವುದೂ ಒಂದು ಧರ್ಮವೇ, ವರ್ಷಗಳ ದುಡಿಮೆಗೆ ಒಂದು ಇನ್ನಿಂಗ್ಸ್‌ಗಿಂತ ಹೆಚ್ಚಿನ ತೂಕವಿದೆ ಎನ್ನುವ ವಾದದಲ್ಲಿ ಹುರುಳಿದೆ. ಆದರೆ ಅಂದು ಸೋಲಿನ ಭಯವಿದ್ದಿದ್ದರೆ ತ್ರಿಶತಕ ಹೊಡೆದವನನ್ನು ಹೊರಗೆ ಕೂರಿಸುತ್ತಿದ್ದರೇ? ಭಯವಿಲ್ಲದಿದ್ದಾಗ ಹಳೆಯ ಕ್ರಮ ತಾನಾಗಿ ಮರಳುತ್ತದೆ.

ಹಾಗಾದರೆ ನ್ಯಾಯವನ್ನು ನಿಯಮವಾಗಿಯೇ ಬರೆದಿಟ್ಟರೆ? ದಕ್ಷಿಣ ಆಫ್ರಿಕ ಅದನ್ನು ಪ್ರಯತ್ನಿಸಿತು. ವರ್ಣಭೇದದ ದೀರ್ಘ ಕತ್ತಲೆಯ ನಂತರ ಅದಕ್ಕೆ ಬೇರೆ ದಾರಿಯೂ ಇರಲಿಲ್ಲ. 2015ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಆಕ್ಲೆಂಡಿನಲ್ಲಿ ನ್ಯೂಜಿಲೆಂಡ್ ವಿರುದ್ಧ, ಚೆನ್ನಾಗಿ ಬೌಲ್ ಮಾಡುತ್ತಿದ್ದ ಕೈಲ್ ಅಬಾಟ್ ಬದಲು ಗಾಯದಿಂದ ಮರಳಿದ್ದ ವೆರ್ನನ್ ಫಿಲಾಂಡರ್ ಆಡಿದರು. ಇನ್ನೊಂದು ಎಸೆತ ಉಳಿದಿರುವಾಗ ತಂಡ ಸೋತಿತು. ಮೈಬಣ್ಣದ ಲೆಕ್ಕ ಇದರ ಹಿಂದಿತ್ತೆಂಬ ನೋವನ್ನು ನಾಯಕ ಡಿವಿಲಿಯರ್ಸ್ ಆತ್ಮಕಥೆಯಲ್ಲಿ ತೋಡಿಕೊಂಡರು. ಮಂಡಳಿ ಅಲ್ಲಗಳೆಯಿತು. ಅರ್ಹತೆಯಿಂದಲೇ ಆಡಿದೆನೆಂದು ಫಿಲಾಂಡರ್ ಹೇಳಿದರು. ಟೆಸ್ಟಿನಲ್ಲಿ ಇನ್ನೂರಕ್ಕೂ ಹೆಚ್ಚು ವಿಕೆಟ್ ಪಡೆದ ಆ ಮನುಷ್ಯ ಒಂದೇ ಪಂದ್ಯದ ಸಂಶಯವನ್ನು ಹೊತ್ತು ತಿರುಗಬೇಕಾಯಿತು. ತಲೆಮಾರುಗಳ ಸಾಲವನ್ನು ಪಂದ್ಯದ ಹಿಂದಿನ ರಾತ್ರಿ ನೆನಪಿಸಿಕೊಂಡರೆ ಬಡ್ಡಿ ಕಟ್ಟುವವನು ಆಯ್ಕೆಯಾದವನೇ. ಆ ಸಾಲ ತೀರಬೇಕಾದದ್ದು ಶಾಲೆಯ ಅಂಗಳದಲ್ಲಿ, ಹಳ್ಳಿಯ ಪಿಚ್ಚಿನಲ್ಲಿ, ಹತ್ತು ವರ್ಷ ಮೊದಲು.

ಹಾಗೆ ಮೊದಲೇ ತೀರಿಸಲು ಹೊರಟದ್ದಕ್ಕೂ ಅಲ್ಲೇ ಸಾಕ್ಷಿ ಇದೆ. ಈಸ್ಟರ್ನ್ ಕೇಪ್‌ನ ಮ್‌ಡಿಂಗಿ ಎಂಬ ಹಳ್ಳಿಯಲ್ಲಿ ದನ ಕಾಯುತ್ತಿದ್ದ ಮಖಾಯ ಎನ್ಟಿನಿಯನ್ನು ಕ್ರಿಕೆಟ್ ಅಭಿವೃದ್ಧಿ ಯೋಜನೆಯವರು ಹುಡುಗನಾಗಿದ್ದಾಗಲೇ ಗುರುತಿಸಿ ಒಳ್ಳೆಯ ಶಾಲೆಗೆ ಸೇರಿಸಿದರು. 1998ರಲ್ಲಿ ದಕ್ಷಿಣ ಆಫ್ರಿಕದ ಪರ ಟೆಸ್ಟ್ ಆಡಿದ ಮೊದಲ ಕರಿಯ ಆಫ್ರಿಕನ್ ಆದರು. 390 ಟೆಸ್ಟ್ ವಿಕೆಟ್ ಪಡೆದ ಅವರ ಅರ್ಹತೆಯನ್ನು ಪ್ರಶ್ನಿಸುವವರು ಯಾರೂ ಇಲ್ಲ. ಹೋಟೆಲಿನಿಂದ ಕ್ರೀಡಾಂಗಣಕ್ಕೆ ಅವರು ತಂಡದ ಬಸ್ಸಿನಲ್ಲಿ ಹೋಗದೆ ಓಡಿಕೊಂಡೇ ಹೋಗುತ್ತಿದ್ದರು. ಎಂಥ ಕಸುವು ಎಂದು ಜನ ಮೆಚ್ಚುತ್ತಿದ್ದರು. 2020ರ ಜುಲೈನಲ್ಲಿ, ನಿವೃತ್ತಿಯಾಗಿ ಎಷ್ಟೋ ಕಾಲದ ಮೇಲೆ, ಅವರು ಟಿವಿಯ ಮುಂದೆ ಬಾಯಿಬಿಟ್ಟರು. ಬಸ್ಸಿನಲ್ಲಿ ತಾನು ಹಿಂದೆ ಕುಳಿತರೆ ಉಳಿದವರು ಮುಂದೆ ಹೋಗಿ ಕೂರುತ್ತಿದ್ದರು. ಅದಕ್ಕೇ ಚೀಲವನ್ನು ಚಾಲಕನ ಕೈಗೆ ಕೊಟ್ಟು ಓಡುತ್ತಿದ್ದೆ ಎಂದರು. ನೂರೊಂದು ಟೆಸ್ಟುಗಳಿಗೆ ಆಯ್ಕೆದಾರರು ಅವರ ಹೆಸರನ್ನು ಬರೆದಿದ್ದರು. ಊಟಕ್ಕೆ ಹೋಗೋಣ ಬಾ ಎಂದು ಕೋಣೆಯ ಬಾಗಿಲು ತಟ್ಟಿದವರು ಒಬ್ಬರೂ ಇರಲಿಲ್ಲ ಎಂಬುದು ಅವರೇ ಹೇಳಿದ ಮಾತು.