ಕುಟುಂಬಾರ್ಥದ ಸಾಲ

ಒಂದು ತಲೆಮಾರು ಮಾಡಿದ ಸಾಲವನ್ನು ಮುಂದಿನ ತಲೆಮಾರು ಏಕೆ ತೀರಿಸಬೇಕು ಎಂಬ ಪ್ರಶ್ನೆಯನ್ನು ಧರ್ಮಶಾಸ್ತ್ರಕಾರರು ಮನೆತನದ ಮಟ್ಟದಲ್ಲಿ ಬಹಳ ಹಿಂದೆಯೇ ಎತ್ತಿಕೊಂಡಿದ್ದರು. ಅಭಿವೃದ್ಧಿ ಬ್ಯಾಂಕುಗಳಿಂದ ಸರ್ಕಾರಗಳು ಪಡೆಯುವ ಸಾಲವು ಅದೇ ಪ್ರಶ್ನೆಯನ್ನು ಇಂದು ನಾಡಿನ ಮುಂದಿಟ್ಟಿದೆ. ಸದಸ್ಯ ರಾಷ್ಟ್ರಗಳ ಇಲ್ಲವೇ ಒಂದೇ ರಾಷ್ಟ್ರದ ಬಂಡವಾಳದ ಬಲದಿಂದ ಬಾಂಡುಗಳ ಮೂಲಕ ಕಡಿಮೆ ಬಡ್ಡಿಗೆ ಹಣ ಎತ್ತಿ, ನೀರು, ರೈಲು, ವಿದ್ಯುತ್ತಿನಂತಹ ನಿಧಾನವಾಗಿ ಫಲ ಕೊಡುವ ಕೆಲಸಗಳಿಗೆ ದೀರ್ಘಾವಧಿಯ ಸಾಲ ನೀಡುವ ಸಂಸ್ಥೆಯೇ ಅಭಿವೃದ್ಧಿ ಬ್ಯಾಂಕು. ಸಾಲದ ಒಪ್ಪಂದಕ್ಕೆ ಸಹಿ ಹಾಕಿದವರು ಅಧಿಕಾರದಿಂದ ಇಳಿದ ಎಷ್ಟೋ ವರ್ಷಗಳ ನಂತರವೂ ಕಂತುಗಳು ಮುಂದುವರಿಯುತ್ತವೆ.

ಬೆಂಗಳೂರಿನ ಸಿ.ವಿ. ರಾಮನ್ ನಗರದ ಆಸುಪಾಸಿನಲ್ಲಿ ಇಂತಹ ಸಾಲವನ್ನು ಕಣ್ಣಾರೆ ಕಾಣಬಹುದು. 2011ರ ಅಕ್ಟೋಬರ್ 20ರಂದು ನಮ್ಮ ಮೆಟ್ರೋದ ಮೊದಲ ರೈಲು ಓಡಿದ್ದು ಪಕ್ಕದ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಯವರೆಗೆ, ಆ ಹಂತದ ವೆಚ್ಚದ ಒಂದು ಪಾಲು ಜಪಾನಿನ ಅಭಿವೃದ್ಧಿ ಸಾಲದಿಂದ ಬಂದಿತ್ತು. ರೇಷ್ಮೆ ಮಂಡಳಿಯಿಂದ ಕೆ.ಆರ್. ಪುರದ ಮೂಲಕ ವಿಮಾನ ನಿಲ್ದಾಣಕ್ಕೆ ಹೋಗುವ ಮಾರ್ಗಕ್ಕೆ ಏಷ್ಯಾ ಅಭಿವೃದ್ಧಿ ಬ್ಯಾಂಕು 2020ರಲ್ಲಿ 50 ಕೋಟಿ ಡಾಲರ್ ಸಾಲವನ್ನು ಮಂಜೂರು ಮಾಡಿತು. 2024ರ ಅಕ್ಟೋಬರ್ 16ರಂದು ಉದ್ಘಾಟನೆಯಾದ ಕಾವೇರಿ ಕುಡಿಯುವ ನೀರಿನ ಯೋಜನೆಯ ಐದನೇ ಹಂತವೂ ಜಪಾನಿನ ಸಾಲದಿಂದಲೇ ನಡೆದದ್ದು. ನಗರಕ್ಕೆ ಸೇರಿದ 110 ಹಳ್ಳಿಗಳನ್ನು ಮುಖ್ಯವಾಗಿ ಗಮನದಲ್ಲಿಟ್ಟು ರೂಪಿಸಿದ ಆ ಯೋಜನೆಯ ಸಾಮರ್ಥ್ಯ ದಿನಕ್ಕೆ 77.5 ಕೋಟಿ ಲೀಟರ್.

ಈ ಸಾಲಗಳನ್ನು ಅಳೆಯಲು ಕನ್ನಡ ನೆಲದಲ್ಲೇ ಹುಟ್ಟಿದ ಒಂದು ಮಾನದಂಡವಿದೆ. ಚಾಲುಕ್ಯ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ, ಇಂದಿನ ಬಸವಕಲ್ಯಾಣವಾಗಿರುವ ಕಲ್ಯಾಣದಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದನು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹಕ್ಕು ಬರುವುದು ತಂದೆಯ ಸಾವಿನಿಂದಲ್ಲ, ಹುಟ್ಟಿನಿಂದಲೇ ಎಂಬುದು ಅದರ ತಿರುಳು. ಹಾಗಾಗಿ ಮನೆಯ ಯಜಮಾನನು ಇನ್ನೂ ಹುಟ್ಟದವರ ಪಾಲಿಗೂ ಹೊಣೆಗಾರನಾಗುತ್ತಾನೆ. ಆಪತ್ಕಾಲ, ಕುಟುಂಬಾರ್ಥ ಎಂದರೆ ಕುಟುಂಬದ ಅಗತ್ಯ, ಮತ್ತು ಧರ್ಮಕಾರ್ಯ ಇವುಗಳಿಗಲ್ಲದೆ ಆಸ್ತಿಯನ್ನು ಅವನೊಬ್ಬನೇ ಪರಭಾರೆ ಮಾಡುವಂತಿಲ್ಲ. ಕುಡಿತ, ಜೂಜು, ಬರಿದೇ ಕೊಟ್ಟ ದಾನ ಇವುಗಳಿಂದಾದ ಸಾಲ ಮಗನನ್ನು ಕಟ್ಟಿಹಾಕುವುದಿಲ್ಲವೆಂದು ಸ್ಮೃತಿ ಖಚಿತವಾಗಿ ಹೇಳುತ್ತದೆ. ಮಗನು ತಂದೆಯ ಸಾಲವನ್ನು ಬಡ್ಡಿಸಹಿತ ತೀರಿಸಬೇಕು, ಮೊಮ್ಮಗನು ಅಸಲನ್ನು ಮಾತ್ರ ಕೊಟ್ಟರೆ ಸಾಕು ಎಂಬ ವಿಧಿಯೂ ಆ ಪರಂಪರೆಯಲ್ಲಿದೆ. ಸಾಲದ ಬಾಧ್ಯತೆ ತಲೆಮಾರಿನಿಂದ ತಲೆಮಾರಿಗೆ ಸವೆಯಬೇಕೆಂಬ ಈ ವಿವೇಕ ಇಂದಿನ ಹಣಕಾಸು ಸಚಿವಾಲಯಗಳಿಗೂ ಬೇಕಾದದ್ದು. ಈ ಚಿಂತನೆಯಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನ ಹಕ್ಕು ಇರಲಿಲ್ಲವೆಂಬುದು ದೊಡ್ಡ ಕೊರತೆ. ಅದನ್ನು ಕರ್ನಾಟಕವು 1994ರಲ್ಲಿ, ಭಾರತ ಸರ್ಕಾರವು 2005ರಲ್ಲಿ ಕಾನೂನಿನ ಮೂಲಕ ತುಂಬಬೇಕಾಯಿತು.

ಈ ದೃಷ್ಟಿಯಿಂದ ನೋಡಿದರೆ ನೀರಿಗಾಗಿ ಮಾಡಿದ ಸಾಲವು ನಿಸ್ಸಂಶಯವಾಗಿ ಕುಟುಂಬಾರ್ಥದ್ದು, ಏಕೆಂದರೆ ಕೊಳವೆಬಾವಿ ಬತ್ತಿದಾಗ ಟ್ಯಾಂಕರ್ ನೀರಿಗೆ ಹೆಚ್ಚು ಹಣ ತೆರುತ್ತಿದ್ದ ಮನೆಗೆ ಕೊಳಾಯಿ ನೀರು ಉಳಿತಾಯವನ್ನೂ ಆರೋಗ್ಯವನ್ನೂ ತರುತ್ತದೆ. ಮೆಟ್ರೋದ ಲೆಕ್ಕ ಅಷ್ಟು ಸರಳವಲ್ಲ. 2023ರ ಮಾರ್ಚ್ 25ರಂದು ಕೆ.ಆರ್. ಪುರ–ವೈಟ್‌ಫೀಲ್ಡ್ ಮಾರ್ಗ ತೆರೆದರೂ, ಬೆನ್ನಿಗಾನಹಳ್ಳಿಯ ಬಳಿ ರೈಲು ಹಳಿಗಳನ್ನು ದಾಟಬೇಕಿದ್ದ ಸುಮಾರು ಎರಡು ಕಿಲೋಮೀಟರಿನ ತುಣುಕು ಅಕ್ಟೋಬರ್ 9ರವರೆಗೆ ತೆರೆಯಲಿಲ್ಲ. ಆ ತಿಂಗಳುಗಳಲ್ಲಿ ಪ್ರಯಾಣಿಕರು ಕೆ.ಆರ್. ಪುರದಲ್ಲಿ ಇಳಿದು, ಬಿಎಂಟಿಸಿ ಬಸ್ಸು ಹಿಡಿದು, ಬೈಯಪ್ಪನಹಳ್ಳಿಯಲ್ಲಿ ಮತ್ತೆ ರೈಲು ಹತ್ತಬೇಕಿತ್ತು. ಕೆಲಸ ತಡವಾದಾಗ ಸಾಲ ಕಾಯುವುದಿಲ್ಲ: ಪಡೆದ ಹಣಕ್ಕೆ ಬಡ್ಡಿ ಬೆಳೆಯುತ್ತದೆ, ಮಂಜೂರಾಗಿಯೂ ಪಡೆಯದೆ ಉಳಿದ ಹಣದ ಮೇಲೆ ಏಷ್ಯಾ ಅಭಿವೃದ್ಧಿ ಬ್ಯಾಂಕಿನಂತಹವು ಬದ್ಧತಾ ಶುಲ್ಕ ವಿಧಿಸುತ್ತವೆ, ಡಾಲರ್ ಅಥವಾ ಯೆನ್ ಎದುರು ರೂಪಾಯಿ ಕುಸಿದರೆ ಅಸಲೂ ಭಾರವಾಗುತ್ತದೆ. ಉಪಯೋಗಕ್ಕೆ ಬಾರದ ಕಾಲಕ್ಕೆ ತೆತ್ತ ಬಡ್ಡಿಯನ್ನು ಕುಟುಂಬಾರ್ಥವೆಂದು ಕರೆಯಲಾಗದು.

ತೀರಿಸುವವರು ಯಾರೆಂಬುದು ಇನ್ನೂ ಕಠಿಣವಾದ ಪ್ರಶ್ನೆ. ಟಿಕೆಟ್ಟಿನ ಹಣವನ್ನೇ ನೆಚ್ಚಿದರೆ ಭಾರವೆಲ್ಲ ಪ್ರಯಾಣಿಕರ ಮೇಲೆ ಬೀಳುತ್ತದೆ. 2025ರ ಫೆಬ್ರವರಿಯಲ್ಲಿ ಮೆಟ್ರೋದ ಗರಿಷ್ಠ ದರವು 60 ರೂಪಾಯಿಯಿಂದ 90 ರೂಪಾಯಿಗೆ ಏರಿತು. ಸಿ.ವಿ. ರಾಮನ್ ನಗರದ ಪಕ್ಕದ ಕಗ್ಗದಾಸಪುರದ ಬಾಡಿಗೆ ಕೋಣೆಯಿಂದ ದೂರದ ಬಡಾವಣೆಗೆ ಮನೆಗೆಲಸಕ್ಕೆ ಹೋಗುವ ಹೆಂಗಸು ದರ ತಾಳಲಾರದೆ ಬಸ್ಸಿಗೆ ಮರಳಿದರೆ, ತೆರಿಗೆಯ ಮೂಲಕ ಸಾಲದ ಪಾಲನ್ನು ಹೊರುತ್ತಲೇ ಅವಳು ಅದರ ಫಲದಿಂದ ಹೊರಗುಳಿಯುತ್ತಾಳೆ. ಮೆಟ್ರೋ ಬೇಡವೆಂಬುದು ಇದರ ಅರ್ಥವಲ್ಲ. ಸಾಲವನ್ನು ಟಿಕೆಟ್ಟಿನಿಂದಲೇ ತೀರಿಸಬೇಕೆಂಬ ನಿಲುವು ಅನ್ಯಾಯದ್ದು, ನಿಲ್ದಾಣ ಬಂದಿದ್ದರಿಂದ ಬೆಲೆ ಏರಿದ ಜಮೀನುಗಳ ಒಡೆಯರು ಆ ಸಾಲದ ದೊಡ್ಡ ಪಾಲನ್ನು ಹೊರಬೇಕು.

ಆಪತ್ಕಾಲ, ಕುಟುಂಬಾರ್ಥ, ಧರ್ಮಕಾರ್ಯ ಇವು ಯಾವುವೂ ಅಲ್ಲದಾಗ ಕುಟುಂಬದ ಉಳಿದವರನ್ನೂ ಕೇಳಬೇಕೆಂಬುದು ಮಿತಾಕ್ಷರಾದ ಆಶಯ. ಅಭಿವೃದ್ಧಿ ಬ್ಯಾಂಕುಗಳಲ್ಲಿ ಹಾಗೆ ಕೇಳುವ ದಾರಿ ತಡವಾಗಿ ತೆರೆಯಿತು. ನರ್ಮದೆಯ ಸರ್ದಾರ್ ಸರೋವರ ಅಣೆಕಟ್ಟಿಗೆ ವಿಶ್ವಬ್ಯಾಂಕು ಕೊಟ್ಟ ಸಾಲದ ವಿರುದ್ಧ ನಿರ್ವಸಿತರು ಎದ್ದುನಿಂತ ನಂತರ, 1993ರಲ್ಲಿ ಅದು ತನ್ನ ಯೋಜನೆಗಳಿಂದ ಹಾನಿಗೊಳಗಾದವರ ದೂರು ಆಲಿಸಲು ಪರಿಶೀಲನಾ ಮಂಡಳಿಯನ್ನು ಸ್ಥಾಪಿಸಿತು. ಇತರ ಬ್ಯಾಂಕುಗಳೂ ಅಂತಹ ವ್ಯವಸ್ಥೆಗಳನ್ನು ಮಾಡಿಕೊಂಡಿವೆ. ಅಲ್ಲಿ ದೂರಿಗೆ ಆಧಾರವಾಗುವುದು ಮನೆ, ಜಮೀನು, ಬದುಕು, ಪರಿಸರಕ್ಕೆ ಯೋಜನೆಯಿಂದಾದ ಹಾನಿ. ಆದರೆ ಮುಂದಿನ ಮೂವತ್ತು ವರ್ಷ ಕಂತು ಕಟ್ಟಬೇಕಾದವರು ಸಹಿ ಬೀಳುವ ಮೊದಲೇ ಸಾಲದ ಷರತ್ತುಗಳನ್ನು ತಮ್ಮ ಭಾಷೆಯಲ್ಲಿ ಓದಿ, ನಗರಸಭೆಯಲ್ಲೂ ವಿಧಾನಸಭೆಯಲ್ಲೂ ಅವುಗಳ ಚರ್ಚೆಯನ್ನು ಕೇಳುವ ಹಕ್ಕನ್ನು ಪಡೆಯುವುದು ಇನ್ನೂ ಬಾಕಿಯಿದೆ.